ಕಾಕಾ ಎಣ್ಣಿ ಹೊಡೆದಿರಲಿಲ್ಲ: ಪಾತರಗಿತ್ತಿ ರೆಕ್ಕೆಯ ಮೊದಲ ದಿನದ ಹೊಳಪು

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರುವವರಿಗೆ, ಹಾಸ್ಟೆಲ್ ರೂಮಿನಲ್ಲಿ ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಕೇಳ್ತಿರುವವರಿಗೆ, ಹೊಲದ ಬದುವಿನ ಮೇಲೆ ಫೋನ್ ಇಟ್ಟು ಕೆಲಸ ಮಾಡ್ತಾ ಕೇಳ್ತಿರುವವರಿಗೆ ಸ್ವಾಗತ. ಇವತ್ತಿನ ಮಾತು ಪಾತರಗಿತ್ತಿ ಬಗ್ಗೆ. ಆದರೆ ಅದಕ್ಕೂ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಆ ತಪ್ಪನ್ನು ಮಾಡಿದ್ದು 28 ಸೆಕೆಂಡಿನ ಒಂದು ರೀಲ್‌ನಲ್ಲಿ. ಅದನ್ನು ಸರಿಪಡಿಸೋಕೆ ನನಗೆ ಮೂರು ತಾಲ್ಲೂಕು ಸುತ್ತಬೇಕಾಯಿತು: ಆಳಂದ, ಅಫಜಲಪುರ, ಜೇವರ್ಗಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ನಮ್ಮೂರು ಆಳಂದ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ತೊಗರಿಗೆ ಕಾಯಿ ತುಂಬುವ ಹೊತ್ತು. ಕಾಕಾ ಹೊಲದಿಂದ ಹಸಿ ತೊಗರಿಕಾಯಿ ತಂದು ಒಂದು ಬುಟ್ಟಿಯಲ್ಲಿ ಹಾಕಿದ್ದರು. ಆಯಿ ಅದರಲ್ಲಿ ಮುಕ್ಕಾಲು ಭಾಗ ಕುದಿಸಿ, ಉಪ್ಪು ಹಾಕಿ ಎಲ್ಲರಿಗೂ ಕೊಟ್ಟಿದ್ದಳು. ಉಳಿದ ಕಾಯಿ ಬುಟ್ಟಿಯಲ್ಲೇ ಒಣಗ್ತಾ ಪಡಸಾಲೆಯ ಮೂಲೆಯಲ್ಲಿ ಬಿದ್ದಿತ್ತು. ಹತ್ತು ಹನ್ನೆರಡು ದಿನ ಯಾರೂ ಅದನ್ನು ಮುಟ್ಟಿಲ್ಲ. ನಾನು ಹೋದ ಮರುದಿನ ಬೆಳಿಗ್ಗೆ ನೋಡಿದರೆ ಆ ಬುಟ್ಟಿಯ ಅಂಚಿಗೆ ಒಂದು ಸಣ್ಣ ಪಾತರಗಿತ್ತಿ ಜೋತು ಬಿದ್ದಿದೆ. ರೆಕ್ಕೆ ಇನ್ನೂ ಸುಕ್ಕು ಸುಕ್ಕು. ಆಗಷ್ಟೇ ಕೋಶದಿಂದ ಹೊರಗೆ ಬಂದಿತ್ತು.

ನಾನು ಫೋನ್ ತೆಗೆದೆ. ಬಾಗಿಲಿಂದ ಬಿಸಿಲು ಓರೆಯಾಗಿ ಬೀಳ್ತಿತ್ತು. ರೆಕ್ಕೆ ನಿಧಾನಕ್ಕೆ ಬಿಚ್ಚಿಕೊಳ್ತಾ ಹೋದ ಹಾಗೆ ಅದರ ಮೇಲೆ ಬಣ್ಣ ಓಡಾಡೋಕೆ ಶುರುವಾಯಿತು. ಒಂದು ಮಡಿಕೆಯಲ್ಲಿ ನೇರಳೆ, ಪಕ್ಕದ ಮಡಿಕೆಯಲ್ಲಿ ನೀಲಿ, ಅಂಚಿನಲ್ಲಿ ಒಂದಿಷ್ಟು ಹಸಿರು. ನವಿಲಿನ ಕುತ್ತಿಗೆ ನೋಡಿದ ಹಾಗೆ. ಮಳೆಗಾಲದಲ್ಲಿ ಬಸ್ ಸ್ಟ್ಯಾಂಡಿನ ಹೊಂಡದ ನೀರಿನ ಮೇಲೆ ಡೀಸೆಲ್ ಬಿದ್ದಾಗ ಕಾಣ್ತದಲ್ಲ, ಥೇಟ್ ಅದೇ ಥರ. ನನ್ನ ತಲೆಯಲ್ಲಿ ಆ ಹೋಲಿಕೆ ಕೂತುಬಿಟ್ಟಿತು. ರೀಲ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: "ಇದು ಬಣ್ಣ ಅಲ್ಲ, ವಿಷ. ತೊಗರಿ ಹೊಲದ ಕ್ರಿಮಿನಾಶಕ ಪಾತರಗಿತ್ತಿ ರೆಕ್ಕೆ ಮೇಲೆ ಹೀಗೆ ಹೊಳೀತಿದೆ."

ಸಂಜೆ ಹೊತ್ತಿಗೆ ಅದು ನಮ್ಮೂರಿನ ವಾಟ್ಸ್ಆ್ಯಪ್ ಗ್ರೂಪಿಗೆ ಬಂತು. ಮರುದಿನ ಪಕ್ಕದ ಊರಿನ ಗ್ರೂಪಿಗೆ ಹೋಯಿತು. "ಇಂಥ ತೊಗರಿ ತಿಂದು ನಾವು ಬದುಕಬೇಕಾ" ಅಂತ ಯಾರೋ ಬರೆದರು. ಅದಕ್ಕೆ ನೂರಾರು ಲೈಕ್. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂರನೇ ದಿನ ಕಾಕಾನ ಫೋನ್ ಬಂತು. ಬೈಯಲಿಲ್ಲ. ಅದೇ ಕಷ್ಟ ಆಯಿತು. "ತಮ್ಮಾ, ಅಡತಿ ಅಂಗಡ್ಯಾಗ ಒಬ್ಬಾಂವ ನಿನ್ ವಿಡಿಯೋ ತೋರಿಸಿ, ಇದು ನಿಮ್ಮ ಹೊಲದ್ದೇ ಅಲ್ಲೇನು ಅಂತ ಕೇಳಿದ. ಹೌದು ಅಂದೆ. ನಾ ಈ ವರ್ಷ ಎಣ್ಣಿ ಹೊಡದೇ ಇಲ್ಲಲ್ಲೋ. ನನ್ನ ಕೇಳಿ ಹಾಕಬೇಕಿತ್ತಿಲ್ಲ ನೀ?" ಅಂದರು. ನಾನು ಏನೋ ತೊದಲಿದೆ. ಆಗ ಕಾಕಾ ಇನ್ನೊಂದು ಮಾತು ಕೇಳಿದರು. "ಅದು ಆಗಷ್ಟೇ ಕೋಶ ಒಡದು ಹೊರಗ ಬಂದದ ಅಂತ ನೀನೇ ಹೇಳ್ಲತ್ತಿ. ರೆಕ್ಕಿ ಒಳಗೇ ಇತ್ತು. ಮತ್ತ ಎಣ್ಣಿ ಅದರ ರೆಕ್ಕಿಗಿ ಯಾವಾಗ ಹತ್ತಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಡಿಗ್ರಿ ಓದಿದವನು. ಆ ಸರಳ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಬೆಂಗಳೂರು, ಮೈಸೂರು ಕಡೆಯ ಕೇಳುಗರಿಗೆ ಒಂದು ಮಾತು. ನಮ್ಮ ಕಡೆ ರೈತರು ಕ್ರಿಮಿನಾಶಕಕ್ಕೆ 'ಎಣ್ಣಿ' ಅಂತಲೇ ಅನ್ನೋದು. "ತೊಗರಿಗೆ ಎಣ್ಣಿ ಹೊಡದ್ರೇನು?" ಅಂದರೆ ಔಷಧ ಸಿಂಪಡಿಸಿದಿರಾ ಅಂತ ಅರ್ಥ. ನಾನು ಆ ಮಾತು ಕೇಳಿಕೊಂಡೇ ಬೆಳೆದವನು. ಎಣ್ಣೆ ಅಂದರೆ ಹೊಳೆಯುವ ಪದರ, ಹೊಂಡದ ಮೇಲಿನ ಡೀಸೆಲ್, ರೆಕ್ಕೆ ಮೇಲಿನ ಹೊಳಪು. ಮೂರನ್ನೂ ಸೇರಿಸಿ ಒಂದು ತೀರ್ಪು ಕೊಟ್ಟುಬಿಟ್ಟಿದ್ದೆ. ರೀಲ್ ಡಿಲೀಟ್ ಮಾಡಿದೆ. ಆದರೆ ಫಾರ್ವರ್ಡ್ ಆಗಿದ್ದು ಆಗಿಹೋಗಿತ್ತು. ಹಾಗಿದ್ದರೆ ಆ ಹೊಳಪು ಏನು? ಅದನ್ನು ತಿಳಿದುಕೊಳ್ಳದೆ ಕ್ಷಮೆ ಕೇಳೋದು ಅರ್ಧ ಕ್ಷಮೆ ಅನ್ನಿಸಿತು. ಮುಂದಿನ ಶನಿವಾರ ಮತ್ತೆ ಊರಿನ ಬಸ್ ಹತ್ತಿದೆ.

ಕಾಕಾ ನನ್ನನ್ನು ನೇರ ಹೊಲಕ್ಕೆ ಕರೆದುಕೊಂಡು ಹೋದರು. ಕರಿ ಮಣ್ಣು, ಎದೆಯೆತ್ತರದ ತೊಗರಿ. ಕೆಲವು ಗಿಡದಲ್ಲಿ ಇನ್ನೂ ಹಳದಿ ಹೂವು, ಕೆಲವದರಲ್ಲಿ ಕಾಯಿ. ಸಾಲಿನ ನಡುವೆ ಅಲ್ಲಲ್ಲಿ ಕವಲು ಕಡ್ಡಿ ನೆಟ್ಟಿದ್ದರು. ಅದರ ಮೇಲೆ ಹಕ್ಕಿ ಬಂದು ಕೂತು ಕೀಡಿ ಹೆಕ್ಕಿ ತಿನ್ನಲಿ ಅಂತ. ಹೂವಿನ ಹೊತ್ತಿನಲ್ಲಿ ಕಾಕಾ, ಕಾಕಿ ಇಬ್ಬರೂ ಸೇರಿ ಗಿಡಗಳನ್ನು ಅಲುಗಾಡಿಸಿ, ಕೆಳಗೆ ಹಿಡಿದ ಬಟ್ಟೆಗೆ ಕೀಡಿ ಉದುರಿಸಿದ್ದರಂತೆ. ಬೇವಿನ ಬೀಜದ ಕಷಾಯ ಎರಡು ಸಲ ಹೊಡೆದಿದ್ದರು. ಅಷ್ಟೇ. ಕಲಬುರಗಿಯನ್ನು ತೊಗರಿಯ ಕಣಜ ಅಂತಾರೆ, ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆ ಹೆಸರಿನ ಹಿಂದೆ ಬೆನ್ನು ಬಗ್ಗಿಸಿ ಗಿಡ ಅಲುಗಾಡಿಸುವ ಇಂಥ ಜನ ಇದ್ದಾರೆ. ಅವರ ಮೇಲೆ ನಾನು ವಿಷದ ಹಣೆಪಟ್ಟಿ ಅಂಟಿಸಿದ್ದೆ.

ಹೊಲದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ನಮ್ಮ ಬುಟ್ಟಿಯ ಪಾತರಗಿತ್ತಿಯ ಬಳಗವೇ ಕಾಣಿಸಿತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಬಹಳ ಚುರುಕು. ಇಂಗ್ಲಿಷಿನಲ್ಲಿ ಪೀ ಬ್ಲೂ ಅಂತಾರೆ. ವೈಜ್ಞಾನಿಕ ಹೆಸರು ಲ್ಯಾಂಪಿಡಿಸ್ ಬೋಟಿಕಸ್. 1767ರಲ್ಲಿ ಸ್ವೀಡನ್ನಿನ ಲಿನೇಯಸ್ ಇದನ್ನು ಮೊದಲು ವಿವರಿಸಿದ. ಯುರೋಪಿನಿಂದ ಆಫ್ರಿಕಾ, ನಮ್ಮ ದೇಶ, ಆಸ್ಟ್ರೇಲಿಯಾದ ತನಕ ಇದರ ಸಂಚಾರ. ರೆಕ್ಕೆ ಮುಚ್ಚಿ ಕೂತರೆ ಕಂದು ಬೂದು ಬಣ್ಣದ ಮೇಲೆ ಬಿಳಿ ಅಲೆಅಲೆ ಗೆರೆ. ಹಿಂದಿನ ರೆಕ್ಕೆಯ ತುದಿಯಲ್ಲಿ ದಾರದಂಥ ಸಣ್ಣ ಬಾಲ, ಅದರ ಬುಡದಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆ. ಹಕ್ಕಿ, ಹಲ್ಲಿಗಳು ಅದೇ ತಲೆ ಅಂದುಕೊಂಡು ಬಾಲಕ್ಕೆ ಬಾಯಿ ಹಾಕ್ತವೆ, ಪಾತರಗಿತ್ತಿ ತಪ್ಪಿಸಿಕೊಳ್ತದೆ. ಗಂಡು ರೆಕ್ಕೆ ತೆರೆದರೆ ಒಳಗೆಲ್ಲ ನೇರಳೆ ಛಾಯೆಯ ನೀಲಿ. ಹೆಣ್ಣು ಹೆಚ್ಚಾಗಿ ಕಂದು, ರೆಕ್ಕೆಯ ಬುಡದಲ್ಲಷ್ಟೇ ನೀಲಿ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಇದರ ಮರಿ ಹುಳ ತೊಗರಿಯ ಮೊಗ್ಗು, ಹೂವು, ಎಳೆ ಕಾಯಿ ತಿಂದೇ ಬೆಳೆಯೋದು. ಅಂದರೆ ರೈತರ ಲೆಕ್ಕದಲ್ಲಿ ಇದೂ ಕೀಡಿಯೇ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ ಬಣ್ಣದ ಮಾತು. ಪಾತರಗಿತ್ತಿಗೆ ಬಣ್ಣ ಬರೋದು ಎರಡು ದಾರಿಯಲ್ಲಿ. ಒಂದು, ಅರಿಶಿನ, ಕುಂಕುಮದ ಹಾಗೆ ಬಣ್ಣದ ವಸ್ತುವಿನಿಂದ. ರೆಕ್ಕೆಯ ಕಪ್ಪು, ಕಂದು, ಹಳದಿ, ಕಿತ್ತಳೆ ಬಹುತೇಕ ಹೀಗೆ ಬಂದದ್ದು. ಇನ್ನೊಂದು ದಾರಿಯಲ್ಲಿ ಬಣ್ಣದ ವಸ್ತುವೇ ಇರೋದಿಲ್ಲ. ರಚನೆ ಮಾತ್ರ ಇರ್ತದೆ. ಹೊಂಡದ ಮೇಲಿನ ಡೀಸೆಲ್ ನೆನಪಿಸಿಕೊಳ್ಳಿ. ಡೀಸೆಲ್‌ನಲ್ಲಿ ಕಾಮನಬಿಲ್ಲು ಕರಗಿಲ್ಲ. ಅದು ನೀರಿನ ಮೇಲೆ ತೀರಾ ತೆಳ್ಳಗೆ ಹರಡಿಕೊಳ್ತದೆ. ಬೆಳಕು ಆ ಪದರದ ಮೇಲ್ಮೈಯಿಂದ ಒಂದಿಷ್ಟು ವಾಪಸ್ ಬರ್ತದೆ, ತಳದಿಂದ ಇನ್ನೊಂದಿಷ್ಟು. ಎರಡೂ ಬೆಳಕಿನ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿದರೆ ಆ ಬಣ್ಣ ಜೋರಾಗಿ ಕಾಣ್ತದೆ. ಹೆಜ್ಜೆ ತಪ್ಪಿದರೆ ಆ ಬಣ್ಣ ಅಳಿಸಿಹೋಗ್ತದೆ. ಯಾವ ಬಣ್ಣ ಉಳೀತದೆ ಅನ್ನೋದನ್ನು ತೀರ್ಮಾನ ಮಾಡೋದು ಪದರದ ದಪ್ಪ ಮತ್ತು ನೀವು ನೋಡುವ ಕೋನ. ಸೋಪಿನ ಗುಳ್ಳೆಯಲ್ಲಿ ಆಗೋದೂ ಇದೇ.

ರೆಕ್ಕೆಯನ್ನು ಮುಟ್ಟಿದರೆ ಬೆರಳಿಗೆ ಪುಡಿ ಹತ್ತುತ್ತದಲ್ಲ, ಅದು ಬರೀ ಪುಡಿ ಅಲ್ಲ. ಒಂದೊಂದು ಕಣವೂ ಒಂದೊಂದು ಹುರುಪೆ. ಉದ್ದ ಸುಮಾರು ಮಿಲಿಮೀಟರ್‌ನ ಹತ್ತನೇ ಒಂದು ಭಾಗ. ಮನೆ ಮೇಲಿನ ಹೆಂಚಿನ ಹಾಗೆ ಒಂದರ ಮೇಲೊಂದು ಸಾಲಾಗಿ ಜೋಡಿಸಿರ್ತವೆ. ನೀಲಿ ಪಾತರಗಿತ್ತಿಗಳ ಕುಟುಂಬದಲ್ಲಿ ಆ ಹುರುಪೆಯ ಒಳಗಡೆ ಕೈಟಿನ್ ಅನ್ನುವ ಗಟ್ಟಿ ವಸ್ತುವಿನ ಪದರ, ನಡುವೆ ಗಾಳಿ, ಮತ್ತೆ ಕೈಟಿನ್, ಮತ್ತೆ ಗಾಳಿ, ಹೀಗೆ ರಚನೆ ಇರ್ತದೆ. ಜೀರುಂಡೆಯ ಗಟ್ಟಿ ಕವಚದಲ್ಲಿ ಇರೋದೂ ಕೈಟಿನ್ನೇ. ಒಂದೊಂದು ಪದರದ ದಪ್ಪ 100 ನ್ಯಾನೋಮೀಟರ್ ಆಸುಪಾಸು. ಒಂದು ತಲೆಕೂದಲನ್ನು ಅಡ್ಡಕ್ಕೆ ಏಳುನೂರು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳ್ಳಗಿರ್ತದೋ ಅಷ್ಟು. ನೀಲಿ ಬೆಳಕಿನ ಅಲೆಯ ಉದ್ದ ಸುಮಾರು 450 ನ್ಯಾನೋಮೀಟರ್. ಪದರಗಳ ಅಳತೆ ಆ ಅಲೆಗೆ ಸರಿಯಾಗಿ ಹೊಂದುವಂತೆ ಇರೋದರಿಂದ ನೀಲಿ ಮಾತ್ರ ಜೋರಾಗಿ ತಿರುಗಿ ಬರ್ತದೆ. ಉಳಿದ ಬೆಳಕನ್ನು ಕೆಳಗಿರುವ ಕಪ್ಪು ವಸ್ತು, ಮೆಲನಿನ್, ಹೀರಿಕೊಳ್ತದೆ. ಹಾಗಾಗಿ ನೀಲಿ ಇನ್ನಷ್ಟು ಎದ್ದು ಕಾಣ್ತದೆ.

ಇದೆಲ್ಲ ತಯಾರಾಗೋದು ಕೋಶದ ಒಳಗೆ. ಒಂದು ಹುರುಪೆ ಅಂದರೆ ಒಂದೇ ಒಂದು ಜೀವಕೋಶ ಚಾಚಿಕೊಂಡು ಕಟ್ಟಿದ ಮನೆ. ಮನೆ ಕಟ್ಟಿ ಮುಗಿದ ಮೇಲೆ ಆ ಜೀವಕೋಶ ಸಾಯ್ತದೆ, ಅದರ ಜಾಗಕ್ಕೆ ಗಾಳಿ ತುಂಬಿಕೊಳ್ತದೆ. ಗಾಳಿ ತುಂಬಿದ ಮೇಲೆಯೇ ನೀಲಿಗೆ ಪೂರ್ತಿ ಹೊಳಪು. ಆಮೇಲೆ ಪಾತರಗಿತ್ತಿ ಹೊರಗೆ ಬರ್ತದೆ. ರೆಕ್ಕೆ ಒದ್ದೆ ಬಟ್ಟೆಯಂತೆ ಮುದುಡಿರ್ತದೆ. ತಲೆ ಮೇಲೆ ಮಾಡಿ ಜೋತು ಬಿದ್ದು, ಮೈಯೊಳಗಿನ ದ್ರವವನ್ನು ರೆಕ್ಕೆಯ ನರಗಳಿಗೆ ಒತ್ತಿ ಒತ್ತಿ ತಳ್ತದೆ. ರೆಕ್ಕೆ ಅರಳ್ತದೆ. ಆಮೇಲೆ ಒಂದೆರಡು ತಾಸು ಸುಮ್ಮನೆ ಕೂತು ಒಣಗಿಸಿಕೊಳ್ತದೆ. ಈ ಹೊತ್ತಿನಲ್ಲಿ ಕೆಂಪು ಅಥವಾ ಕಂದು ಬಣ್ಣದ ಒಂದೆರಡು ಹನಿ ಉದುರಿಸ್ತದೆ. ರಕ್ತ ಅಂತ ಹೆದರಬೇಡಿ. ಕೋಶದೊಳಗಿದ್ದಾಗ ಉಳಿದ ಕಸ ಅದು.

ಈಗ ನನ್ನ ರೀಲ್‌ಗೆ ಬನ್ನಿ. ಅವತ್ತು ರೆಕ್ಕೆ ಇನ್ನೂ ಮಡಿಕೆ ಮಡಿಕೆಯಾಗಿತ್ತು. ಒಂದೊಂದು ಮಡಿಕೆಯೂ ಬಿಸಿಲಿಗೆ ಒಂದೊಂದು ಕೋನದಲ್ಲಿತ್ತು. ಕೋನ ಬದಲಾದರೆ ಬಣ್ಣ ಬದಲಾಗ್ತದೆ. ಅದಕ್ಕೇ ಒಂದೇ ರೆಕ್ಕೆಯಲ್ಲಿ ನೇರಳೆ, ನೀಲಿ, ಹಸಿರು ಒಟ್ಟಿಗೆ ಓಡಾಡಿದ್ದು. ಜೊತೆಗೆ ಆಗಿನ್ನೂ ಒಂದೇ ಒಂದು ಹುರುಪೆಯೂ ಉದುರಿರಲಿಲ್ಲ. ಪಾತರಗಿತ್ತಿಯ ಬದುಕಿನಲ್ಲಿ ಅಷ್ಟು ಪೂರ್ತಿಯಾದ ರೆಕ್ಕೆ ಇರೋದು ಆ ಕೆಲವು ತಾಸು ಮಾತ್ರ. ಹಾರಿದ ಮೇಲೆ ಎಲೆಗೆ ಉಜ್ಜಿ, ಗಾಳಿಗೆ ಸಿಕ್ಕಿ, ಜಗಳ ಆಡಿ ಹುರುಪೆ ಉದುರ್ತಾ ಹೋಗ್ತವೆ. ಉದುರಿದ್ದು ಮತ್ತೆ ಹುಟ್ಟೋದಿಲ್ಲ. ಹಳೇ ಪಾತರಗಿತ್ತಿ ಮಂಕಾಗಿ ಕಾಣೋದು ಅದಕ್ಕೇ.

ಕಾಕಾನಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು ಅನ್ನಿಸಿತು. ಪಡಸಾಲೆಯ ಜೇಡರ ಬಲೆಯಲ್ಲಿ ಸತ್ತ ನೀಲಿ ಪಾತರಗಿತ್ತಿಯ ಒಂದು ರೆಕ್ಕೆ ಸಿಕ್ಕಿತು. ಮೊದಲು ಅದನ್ನು ಬಿಸಿಲಿಗೆ ಅಡ್ಡ ಹಿಡಿದು, ಬೆಳಕು ಹಿಂದಿನಿಂದ ಬರುವ ಹಾಗೆ ನೋಡಿದೆವು. ನೀಲಿ ಮಾಯ, ಬರೀ ಕಂದು. ಆಮೇಲೆ ಗಾಯಕ್ಕೆ ಹಚ್ಚುವ ಸ್ಪಿರಿಟ್‌ನ ಒಂದು ಹನಿ ಬಿಟ್ಟೆ. ಗಾಳಿ ಇದ್ದ ಜಾಗಕ್ಕೆ ಸ್ಪಿರಿಟ್ ನುಗ್ಗಿತು, ನೀಲಿ ಅಡಗಿಹೋಯಿತು. "ಹೋಯ್ತಲ್ಲೋ ಬಣ್ಣ" ಅಂದಳು ಆಯಿ. ಒಂದೆರಡು ನಿಮಿಷಕ್ಕೆ ಸ್ಪಿರಿಟ್ ಆರಿತು. ನೀಲಿ ವಾಪಸ್ ಬಂತು. ಮೇಲೆ ಹತ್ತಿದ ಎಣ್ಣೆಯಿಂದ ಆ ಬಣ್ಣ ಬಂದಿದ್ದರೆ ಸ್ಪಿರಿಟ್‌ಗೆ ತೊಳೆದು ಹೋಗಬೇಕಿತ್ತು. ಕಾಕಾ ಏನೂ ಮಾತಾಡಲಿಲ್ಲ. ಆ ರೆಕ್ಕೆಯನ್ನು ಮತ್ತೊಂದು ಸಲ ತಿರುಗಿಸಿ ತಿರುಗಿಸಿ ನೋಡಿದರು.

ಒಂದು ರೆಕ್ಕೆ ನೋಡಿ ಎಲ್ಲಾ ಗೊತ್ತಾಯಿತು ಅಂತ ಮತ್ತೆ ಹೇಳೋಕೆ ನನಗೆ ಧೈರ್ಯ ಇರಲಿಲ್ಲ. ನಮ್ಮ ಆಳಂದದ ಅಮರ್ಜಾ ಹೊಳೆ ಹರಿದು ಹೋಗಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಹತ್ತಿರ ಭೀಮಾ ನದಿಗೆ ಸೇರ್ತದೆ. ಆ ಕಡೆಯೇ ನಮ್ಮ ಅತ್ತೆಯ ಮನೆ. ಮುಂದಿನ ವಾರ ಅಲ್ಲಿಗೆ ಹೋದೆ. ಅತ್ತೆಯ ಅಂಗಳದಲ್ಲಿ ಪೂಜೆಗೆ ಅಂತ ಬೆಳೆಸಿದ ಕಣಗಿಲೆ ಗಿಡ ಇದೆ. ಅದರ ಎಲೆಯ ಅಡಿಯಲ್ಲಿ ಒಂದು ಕೋಶ ನೇತಾಡ್ತಿತ್ತು. ಬೆಳ್ಳಿಗೆ ಬಂಗಾರದ ನೀರು ಕುಡಿಸಿದ ಹಾಗೆ ಹೊಳೀತಿತ್ತು. ಜುಮುಕಿ ಅಂದರೆ ಯಾರಾದರೂ ನಂಬಬೇಕು. ಅದು ಕಾಮನ್ ಕ್ರೋ ಅನ್ನುವ ಕಪ್ಪು ಕಂದು ಪಾತರಗಿತ್ತಿಯ ಕೋಶ. ಹಾಲು ಬರುವ ವಿಷದ ಗಿಡಗಳೇ ಇದರ ಹುಳಕ್ಕೆ ಊಟ.

ಅಲ್ಲಿ ಬಂಗಾರವೂ ಇಲ್ಲ, ಬೆಳ್ಳಿಯೂ ಇಲ್ಲ. ಕೋಶದ ಸಿಪ್ಪೆಯಲ್ಲಿ ನೂರಾರು ತೆಳು ಪದರ, ಅವುಗಳ ಮಧ್ಯೆ ನೀರಿನಂಶ ಹೆಚ್ಚು ಕಡಿಮೆ ಇರುವ ಪದರ. ಪದರಗಳ ದಪ್ಪ ಒಂದೇ ಸಮ ಇಲ್ಲ. ಹಾಗಾಗಿ ಒಂದೇ ಬಣ್ಣ ಅಲ್ಲ, ಎಷ್ಟೋ ಬಣ್ಣ ಒಟ್ಟಿಗೆ ತಿರುಗಿ ಬಂದು ಲೋಹದ ಹೊಳಪು ಹುಟ್ಟುತ್ತದೆ. ಮೂರನೇ ದಿನ ಅತ್ತೆ ಫೋನ್ ಮಾಡಿ, "ಹಕ್ಕಿ ಹಾರಿ ಹೋಯ್ತಪ, ಬಂಗಾರನೂ ಕರಗಿತು" ಅಂದಳು. ಪಾತರಗಿತ್ತಿ ಹೊರಗೆ ಬಂದ ಮೇಲೆ ಸಿಪ್ಪೆ ಒಣಗ್ತದೆ. ನೀರು ಹೋದರೆ ಪದರಗಳ ಲೆಕ್ಕ ತಪ್ತದೆ. ಉಳಿಯೋದು ಬೆಳ್ಳುಳ್ಳಿ ಸಿಪ್ಪೆಯಂಥ ಬಡ ಸಿಪ್ಪೆ. ನೋಡಿ, ಆಳಂದದ ನೀಲಿಗೆ ಗಾಳಿ ಬೇಕು, ಅಫಜಲಪುರದ ಬಂಗಾರಕ್ಕೆ ನೀರು ಬೇಕು. ನಿಯಮ ಮಾತ್ರ ಒಂದೇ.

ಭೀಮೆ ಅಲ್ಲಿಂದ ಕೆಳಗೆ ಜೇವರ್ಗಿ ಕಡೆ ಹರೀತಾಳೆ. ಅಲ್ಲಿ ನಮ್ಮ ಅಕ್ಕನ ಮನೆ. ಅಕ್ಕನ ಹೊಲದ ಬದುವಿನಲ್ಲಿ ಡನಾಯ್ಡ್ ಎಗ್‌ಫ್ಲೈ ಅನ್ನುವ ಪಾತರಗಿತ್ತಿಯ ಎರಡು ಗಂಡು ಸಿಕ್ಕವು. ಕಪ್ಪು ರೆಕ್ಕೆ, ಮೇಲೆ ದೊಡ್ಡ ಬಿಳಿ ಮಚ್ಚೆಗಳು. ಒಂದಕ್ಕೆ ರೆಕ್ಕೆಯ ಅಂಚು ಹರಿದಿತ್ತು, ಹಳೇದು. ಇನ್ನೊಂದು ಹೊಸದು. ಹೊಸದರ ಬಿಳಿ ಮಚ್ಚೆಯ ಸುತ್ತ ನೇರಳೆ ಬಣ್ಣದ ಉಂಗುರ ಮಿಂಚಿತು. ನಾನು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ, ಉಂಗುರ ಆರಿತು. ವಾಪಸ್ ಬಂದೆ, ಮತ್ತೆ ಹೊತ್ತಿತು. ಅಕ್ಕನ ಮಗಳು ಏಳನೇ ಕ್ಲಾಸು. ಅವಳು ಹಳೇದರ ಕಡೆ ಕೈ ತೋರಿಸಿ, "ಮಾಮಾ, ಇದರ ಲೈಟ್ ಡಿಮ್ ಆಗ್ಯಾದ" ಅಂದಳು. ಅದಕ್ಕಿಂತ ಚೆಂದ ನನಗೆ ಹೇಳೋಕೆ ಬರೋದಿಲ್ಲ.

ಈ ಥರ ನೋಡೋದು ನಮ್ಮ ನೆಲಕ್ಕೆ ಹೊಸದೇನಲ್ಲ. ಸಿ. ವಿ. ರಾಮನ್ ಹೆಸರು ಕೇಳಿದರೆ ನಮಗೆ ನೊಬೆಲ್ ಬಹುಮಾನ ನೆನಪಾಗ್ತದೆ. ಅವರು ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಹಕ್ಕಿ ಗರಿಯ ಬಣ್ಣ ಹುಟ್ಟೋದು ಹೇಗೆ ಅಂತ ಒಂದು ಪ್ರಬಂಧ ಬರೆದರು. ಅದಕ್ಕೆ ಅವರು ಆರಿಸಿಕೊಂಡದ್ದು ನೀಲಕಂಠ ಹಕ್ಕಿಯ ಗರಿ. ಅದೇ ನಮ್ಮ ಕರ್ನಾಟಕದ ರಾಜ್ಯ ಪಕ್ಷಿ. ನಮ್ಮ ತೊಗರಿ ಹೊಲದ ಕರೆಂಟ್ ತಂತಿ ಮೇಲೆ ಕೂತು ಹುಳಕ್ಕೆ ಕಾಯ್ತದಲ್ಲ, ಅದೇ ಹಕ್ಕಿ. ಅದರ ನೀಲಿಯೂ ಬಣ್ಣದ ವಸ್ತುವಿನಿಂದ ಬಂದದ್ದಲ್ಲ, ಗರಿಯ ಒಳಗಿನ ರಚನೆಯಿಂದ ಬಂದದ್ದು.

ಇತ್ತೀಚಿನ ಒಂದು ಸಂಗತಿ ಕೇಳಿ. ಅಮೆರಿಕದಲ್ಲಿ ಬಕೈ ಅಂತ ಒಂದು ಕಂದು ಪಾತರಗಿತ್ತಿ ಇದೆ. ನಮ್ಮ ಹೊಲಗಳಲ್ಲಿ ಕಾಣುವ ಬ್ಲೂ ಪ್ಯಾನ್ಸಿಗೆ ಅದು ಹತ್ತಿರದ ನೆಂಟ. ಅಲ್ಲಿ ಒಬ್ಬರು ಪಾತರಗಿತ್ತಿ ಸಾಕುವವರು, ಸ್ವಲ್ಪ ನೀಲಿ ಛಾಯೆ ಇರುವವನ್ನೇ ಆರಿಸಿ ಆರಿಸಿ ಜೋಡಿ ಮಾಡಿಸ್ತಾ ಹೋದರು. ಕೆಲವೇ ತಲೆಮಾರಿನಲ್ಲಿ ಕಂದು ಪಾತರಗಿತ್ತಿ ಹೊಳೆಯುವ ನೀಲಿ ಆಯಿತು. ನಿಪಮ್ ಪಟೇಲ್ ಅವರ ತಂಡ ಅದನ್ನು ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿತು. ಹೊಸ ಬಣ್ಣದ ವಸ್ತು ಏನೂ ಹುಟ್ಟಿರಲಿಲ್ಲ. ಹುರುಪೆಯ ತಳದ ಪದರ ದಪ್ಪ ಆಗಿತ್ತು, ಅಷ್ಟೇ. ಕಂದಿಗೂ ನೀಲಿಗೂ ನಡುವೆ ಇದ್ದದ್ದು ಆ ಪದರದ ದಪ್ಪದ ವ್ಯತ್ಯಾಸ.

ಹಾಗಾದರೆ ಈ ಹೊಳಪು ಯಾರಿಗೋಸ್ಕರ? ನಮ್ಮ ಕ್ಯಾಮೆರಾಕ್ಕಂತೂ ಅಲ್ಲ. ಪಾತರಗಿತ್ತಿಗಳಿಗೆ ನಮಗೆ ಕಾಣದ ಅಲ್ಟ್ರಾವಯಲೆಟ್ ಬೆಳಕೂ ಕಾಣ್ತದೆ. ಎಷ್ಟೋ ಜಾತಿಯ ಗಂಡುಗಳ ರೆಕ್ಕೆ ಆ ಬೆಳಕಿನಲ್ಲೂ ಹೊಳೀತದೆ. ದೂರದಿಂದಲೇ ಇವನು ನಮ್ಮವನು, ಗಂಡು ಅಂತ ಗುರುತು ಹಿಡಿಯೋಕೆ ಆ ಮಿಂಚು ಬೇಕು.

ಇನ್ನು ಕೀಡಿಯ ಮಾತು. ಜೇವರ್ಗಿಯಿಂದ ಮತ್ತೆ ಆಳಂದಕ್ಕೆ ಬಂದಾಗ ಕಾಕಾನನ್ನು ನೇರವಾಗಿ ಕೇಳಿದೆ, ಇಷ್ಟು ಚೆಂದದ ಪಾತರಗಿತ್ತಿ ನಿಮ್ಮ ತೊಗರಿ ತಿಂತದಲ್ಲ, ಏನನ್ನಿಸ್ತದೆ ಅಂತ. ಕಾಕಾ ನಕ್ಕರು. "ತೊಗರಿಗಿ ದೊಡ್ಡ ವೈರಿ ಇದಲ್ಲೋ. ಹಸರ್ ಕೀಡಿ ಅದಲ್ಲ, ಕಾಯಿ ಕೊರಿಯೋದು, ಅದು. ಅದರ ಪತಂಗ ನೋಡೀಯೇನು? ಮಣ್ಣಿನ ಬಣ್ಣ. ಯಾರೂ ರೀಲ್ ಮಾಡಂಗಿಲ್ಲ ಅದರದು" ಅಂದರು. ಅವರು ಹೇಳಿದ್ದು ಹೆಲಿಕೋವರ್ಪಾ ಅನ್ನುವ ಕೀಡಿಯ ಬಗ್ಗೆ. ನಮ್ಮ ಭಾಗದ ತೊಗರಿ ಬೆಳೆಗಾರರನ್ನು ಅದು ಕಾಡಿದ್ದು ಅಷ್ಟಿಷ್ಟಲ್ಲ. ಅದು ಹೆಚ್ಚಾದ ವರ್ಷ ಎಣ್ಣಿ ಹೊಡೆಯದೆ ಗತಿ ಇಲ್ಲ ಅಂತಲೂ ಕಾಕಾ ಹೇಳಿದರು. ಈ ವರ್ಷ ಹೊಡೆದಿಲ್ಲ, ಮುಂದಿನ ವರ್ಷದ ಮಾತು ಕೊಡೋಕೆ ಆಗೋದಿಲ್ಲ.

ಹಾಗಾಗಿ ನಾನು ಯಾರಿಗೂ ಉಪದೇಶ ಮಾಡೋಕೆ ಬಂದಿಲ್ಲ. ಕ್ರಿಮಿನಾಶಕದಿಂದ ತೊಂದರೆಯೇ ಇಲ್ಲ ಅಂತಲೂ ಹೇಳ್ತಿಲ್ಲ. ಅದು ಪಾತರಗಿತ್ತಿಯನ್ನು ಸಾಯಿಸ್ತದೆ, ಜೇನನ್ನು ಸಾಯಿಸ್ತದೆ, ಮುಖಕ್ಕೆ ಬಟ್ಟೆ ಕಟ್ಟದೆ ಹೊಡೆಯುವ ಕೂಲಿಯವರ ಆರೋಗ್ಯವನ್ನೂ ಹಾಳು ಮಾಡ್ತದೆ. ಆದರೆ ಅದು ರೆಕ್ಕೆಗೆ ನವಿಲಿನ ಬಣ್ಣ ಕೊಡೋದಿಲ್ಲ. ನಿಜವಾದ ಸಮಸ್ಯೆಗೆ ಸುಳ್ಳು ಸಾಕ್ಷಿ ತಂದರೆ ಸಮಸ್ಯೆ ದೊಡ್ಡದಾಗಿ ಕಾಣೋದಿಲ್ಲ. ತಪ್ಪು ಮಾಡದ ಒಬ್ಬ ಮನುಷ್ಯ ಅಡತಿ ಅಂಗಡಿಯಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗ್ತದೆ, ಅಷ್ಟೇ.

ನಿಮಗೂ ನೋಡಬೇಕು ಅನ್ನಿಸಿದರೆ ನಾಲ್ಕು ಮಾತು. ಬೆಳಿಗ್ಗೆ ಹೊತ್ತು ನೋಡಿ, ಬಹಳಷ್ಟು ಪಾತರಗಿತ್ತಿ ಹೊರಗೆ ಬರೋದು ಆಗಲೇ. ಕರಿಬೇವು, ನಿಂಬೆ, ಎಕ್ಕೆ, ಕಣಗಿಲೆ ಗಿಡದ ಎಲೆ ಅಡಿಯಲ್ಲಿ ಕೋಶ ಹುಡುಕಿ. ಕೋಶದ ಬಣ್ಣ ಗಾಢವಾಗಿ, ಒಳಗಿನ ರೆಕ್ಕೆ ಹೊರಗಿಂದಲೇ ಕಾಣೋಕೆ ಶುರುವಾದರೆ ಹೊರಗೆ ಬರೋಕೆ ಹೆಚ್ಚು ಹೊತ್ತಿಲ್ಲ ಅಂತ ಅರ್ಥ. ಹೊರಗೆ ಬರುವಾಗ ಸಹಾಯ ಮಾಡೋಕೆ ಹೋಗಬೇಡಿ, ಎಳೆದರೆ ರೆಕ್ಕೆ ಜನ್ಮಪೂರ್ತಿ ಸೊಟ್ಟ ಆಗ್ತದೆ. ವಿಡಿಯೋ ಮಾಡುವಾಗ ಝೂಮ್ ಮಾಡೋ ಬದಲು ಫೋನನ್ನು ನಿಧಾನಕ್ಕೆ ಎಡಕ್ಕೆ, ಬಲಕ್ಕೆ ಸರಿಸಿ. ನೀವು ಸರಿದಾಗ ಬಣ್ಣವೂ ಸರಿದರೆ ಅದು ರಚನೆಯ ಬಣ್ಣ. ಎಲ್ಲಿಂದ ನೋಡಿದರೂ ಒಂದೇ ಥರ ಇದ್ದರೆ ಬಹುತೇಕ ಬಣ್ಣದ ವಸ್ತು. ಫಿಲ್ಟರ್ ಹಾಕಬೇಡಿ. ಮುಖ್ಯವಾಗಿ, ಕ್ಯಾಪ್ಷನ್ ಬರೆಯೋ ಮೊದಲು ಆ ಹೊಲದವರನ್ನು ಒಂದು ಮಾತು ಕೇಳಿ.

ಈ ಸಂಚಿಕೆಯನ್ನು ಹಾಕುವ ಮೊದಲು ಕಾಕಾನಿಗೆ ಪೂರ್ತಿ ಕೇಳಿಸಿದೆ. ಈ ಸಲ ಕೇಳಿಯೇ ಹಾಕ್ತಿದ್ದೀನಿ. ಕಾಕಾ, ತಪ್ಪಾಯ್ತು. ನಿಮ್ಮ ಹೊಲದ ಆ ಪಾತರಗಿತ್ತಿ ಮೇಲೆ ಎಣ್ಣಿ ಇರಲಿಲ್ಲ. ನನ್ನ ರೀಲ್ ಯಾರ ಫೋನಿನಲ್ಲಿ ಇನ್ನೂ ಇದೆಯೋ ಅವರು ದಯವಿಟ್ಟು ಅದನ್ನು ಅಳಿಸಿ, ಅದು ಯಾವ ಗ್ರೂಪಿಗೆ ಹೋಗಿತ್ತೋ ಅದೇ ಗ್ರೂಪಿಗೆ ಇದನ್ನು ಕಳಿಸಿ.

ಕಾಕಾ ಎಲ್ಲಾ ಕೇಳಿ ಮುಗಿಸಿ ಏನಂದರು ಗೊತ್ತಾ? "ಎಳ್ಳ ಅಮಾಸಿಗಿ ಬಾ. ಹೊಲದಾಗ ಚರಗ ಚೆಲ್ಲಬೇಕು. ಹಂಗೇ ಆ ಅಡತಿಯಾಂವಗೂ ಒಂದ್ಸಲ ಸ್ಪಿರಿಟ್ ಹಾಕಿ ತೋರಿಸಿ ಹೋಗು."

ಹೋಗ್ತಿದ್ದೀನಿ. ಸ್ಪಿರಿಟ್ ಬಾಟಲಿ ಬ್ಯಾಗಿನಲ್ಲಿದೆ. ಮುಂದಿನ ವಾರ ಸಿಗೋಣ, ನಮಸ್ಕಾರ.